ಎಲ್ಲರ ಉಸಿರೂ ಇಪ್ಪತ್ತು

ಶಹಾಪುರದ ಒಂದು ಆಸ್ಪತ್ರೆಯಲ್ಲಿ ನಾನು ವಾರ್ಡ್ ಅಟೆಂಡರ್ ಆಗಿದ್ದೆ. ಓದಿದ್ದು ಮೆಟ್ರಿಕ್. ಆದರೂ ನರ್ಸಿಂಗ್ ಕಲಿಯಲು ಬರುವ ಹುಡುಗಿಯರಿಗೆ ನಿಜವಾದ ಕೆಲಸ ಕಲಿಸುವವನು ನಾನೇ ಎಂಬ ಜಂಬವಿತ್ತು. ಮೊದಲ ದಿನವೇ ಹೇಳಿಕೊಡುತ್ತಿದ್ದೆ: ಡಾಕ್ಟರು ರೌಂಡ್ಸಿಗೆ ಬರುವ ಮುಂಚೆ ಎಲ್ಲ ಚಾರ್ಟುಗಳಲ್ಲೂ, ಆರಾಮಿದ್ದವರಿಗೆ ಇರುವಂತೆ, ಉಸಿರು ನಿಮಿಷಕ್ಕೆ ಇಪ್ಪತ್ತು ಎಂದು ಬರೆದುಬಿಡಬೇಕು. ಜ್ವರ, ಬಿ.ಪಿ. ನೋಡುತ್ತಿದ್ದರು. ಉಸಿರನ್ನು ಮಾತ್ರ ಯಾರೂ ಎಣಿಸುತ್ತಿರಲಿಲ್ಲ.

ಆ ವರ್ಷ ಹೊಸ ಟೀಚರಮ್ಮ ಬಂದಳು. "ಯಾರೇ ಹೇಳಲಿ, ಯಾಕ ಅಂತ ಕೇಳ್ರಿ. ನಾ ಹೇಳಿದ್ರೂ ಕೇಳ್ರಿ" ಎಂದು ಹುಡುಗಿಯರಿಗೆ ಕಲಿಸತೊಡಗಿದಳು. ಅವರು ನನ್ನನ್ನೂ ಕೇಳತೊಡಗಿದರು. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ವನದುರ್ಗದ ಕಡೆಯ ಹುಡುಗಿಯೊಬ್ಬಳು ನಾಲ್ಕನೇ ಬೆಡ್ಡಿನ ಮುದುಕಿಯ ಚಾರ್ಟಿನಲ್ಲಿ ಮೂವತ್ತಾರು ಎಂದು ಬರೆದಳು.

"ಇಪ್ಪತ್ತು ಅಂತ ತಿದ್ದು" ಅಂದೆ.

"ಯಾಕ್ರಿ ಕಾಕಾ? ಎರಡ ಸಲ ಎಣಿಸೀನ್ರಿ."

"ಹಂಗಾದ್ರ ಈ ಕೋರ್ಸ್ ಯಾಕ ಬೇಕವ್ವಾ ನಿನಗ? ನಾಳಿಂದ ರೌಂಡ್ಸೂ ನೀನೇ ಮಾಡು!"

ಉಳಿದವರು ನಕ್ಕರು. ಅವಳು ತಿದ್ದಲಿಲ್ಲ.

ಡಾಕ್ಟರು ಬಂದು ಚಾರ್ಟು ನೋಡಿ, ಎಲ್ಲರದೂ ಇಪ್ಪತ್ತಿರುವಾಗ ಇದೇನು ಮೂವತ್ತಾರು ಎಂದು ಗದರಿದರು. ಟೀಚರಮ್ಮ, "ಒಮ್ಮೆ ಎಣಿಸಿ ನೋಡ್ರಿ ಸರ್" ಅಂದಳು. ಅವರಿಗೆ ಅವಸರ. ನನ್ನ ಕಡೆ ತಿರುಗಿ, "ನೀ ಹಳೇ ಮನುಷ್ಯ, ಎಣಿಸಿ ಹೇಳು" ಅಂದರು.

ಆ ಹುಡುಗಿಯ ಗಡಿಯಾರವನ್ನೇ ಇಸಿದುಕೊಂಡು ಎಣಿಸಿದೆ. ಮೂವತ್ತಾದಾಗ ನಿಮಿಷ ತುಂಬಲು ಇನ್ನೂ ಹತ್ತು ಸೆಕೆಂಡು ಬಾಕಿಯಿತ್ತು. ಪೂರ್ತಿ ಎಣಿಸಿದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಇಪ್ಪತ್ರೀ ಸಾಹೇಬ್ರ."

ಡಾಕ್ಟರು ಆ ಹುಡುಗಿಯ ಕೈಯಿಂದಲೇ ತಿದ್ದಿಸಿದರು. ಮಧ್ಯಾಹ್ನ ಮುದುಕಿಯ ತುಟಿಗಳು ನೀಲಿಯಾದವು. ಯಾದಗಿರಿಗೆ ಒಯ್ಯುವಾಗ ದಾರಿಯಲ್ಲೇ ಜೀವ ಹೋಯಿತು. ಇಪ್ಪತ್ತು ಎಂದು ಬರೆದಿದ್ದ ಅಕ್ಷರ ಹುಡುಗಿಯದು, ಹಾಗಾಗಿ ಬೈಗುಳವೂ ಅವಳಿಗೇ ಬಂತು. ಅವಳ ಪರ ಮಾತಾಡಿದ ಟೀಚರಮ್ಮನನ್ನು ಕೆಲಸದಿಂದ ತೆಗೆದರು. ಪೀಡೆ ತೊಲಗಿತು ಎಂದು ನಾನು ವಾರ್ಡಿನವರಿಗೆಲ್ಲ ಚಹಾ ಕುಡಿಸಿದೆ. ಆ ಚಹಾ ಇವತ್ತಿಗೂ ಗಂಟಲಲ್ಲಿದೆ.

ಕಳೆದ ಚಳಿಗಾಲದಲ್ಲಿ ನನ್ನ ಹೆಂಡತಿಗೆ ಕಫ ಕಟ್ಟಿ ಸುರಪುರದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಅದೇ ಹುಡುಗಿ ಈಗ ದೊಡ್ಡ ಸಿಸ್ಟರ್. ಗುರುತು ಹಿಡಿದಳು, ನಗಲಿಲ್ಲ.

"ಯವ್ವಾ, ಅವತ್ತು ಮೂವತ್ತಾರೇ ಇತ್ತು" ಅಂದೆ.

"ಗೊತ್ತದರಿ. ನಾ ಎಣಿಸಿದ್ದೆನಲ್ಲ."

"ತಪ್ಪಾತವ್ವಾ."

"ನನ್ನ ಮುಂದ ಹೇಳಿ ಏನ್ ಬಂತ್ರಿ? ಆ ಮುದುಕಿಗೆ ಹೇಳ್ಬೇಕಿತ್ತು. ನಮಗ ಕಲಿಸಿದ ಆ ಮೇಡಮ್ಮರಿಗೆ ಹೇಳ್ಬೇಕಿತ್ತು. ಆಚೆ ಸರಿಯ್ರಿ, ಪೇಶಂಟ್ ನೋಡ್ಬೇಕು."

ನಾನು ಸರಿಯಲಿಲ್ಲ. ಬೆಳಗಿನಿಂದ ಹೆಂಡತಿಯ ಪಕ್ಕದಲ್ಲಿ ಕೂತು ಉಸಿರು ಎಣಿಸುವ ಅದೊಂದೇ ಕೆಲಸ ಮಾಡಿದ್ದೆ. "ಈಕಿಗೆ ಇಪ್ಪತ್ತೆಂಟು ಅದ. ಖರೇನೇ ಹೇಳಾಕತ್ತೀನಿ, ಬರಕೋ" ಅಂದೆ.

ಅವಳು ಪೆನ್ನು ಮುಟ್ಟಲಿಲ್ಲ. ಹಿಂದೆ ನಿಂತಿದ್ದ ಇಬ್ಬರು ವಿದ್ಯಾರ್ಥಿನಿಯರ ಕಡೆ ತಿರುಗಿ, "ಕಾಕಾ ಹೇಳ್ಯಾರಂತ ಬರೀಬ್ಯಾಡ್ರಿ. ಎಣಿಸ್ರಿ" ಅಂದಳು.

ಇಬ್ಬರೂ ಗಡಿಯಾರ ಹಿಡಿದು ನನ್ನ ಹೆಂಡತಿಯ ಎದೆ ನೋಡುತ್ತ ನಿಂತರು. ನಾನು ಪಕ್ಕಕ್ಕೆ ಸರಿದೆ.