ಫ್ಲೆಕ್ಸಿನ ಮೇಲಿನ ಫೈಟರ್

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ಸ್ಕೈವಾಕ್ ಇಳಿಯುವ ಕಡೆ, ನನ್ನ ಮಗಳ ಮುಖವಿರುವ ಫ್ಲೆಕ್ಸ್ ಕಟ್ಟಿದ್ದರು. ಆಳೆತ್ತರಕ್ಕಿಂತ ದೊಡ್ಡದು. ಅವಳ ಹಿಂದೆ ಬೂದು ಬಣ್ಣದ ಫೈಟರ್ ವಿಮಾನವೊಂದು ಬಾಲದಲ್ಲಿ ಬೆಂಕಿ ಉಗುಳುತ್ತ ಮೇಲೇರುತ್ತಿತ್ತು. ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ನಮ್ಮ ಹೆಮ್ಮೆಯ ಫೈಟರ್ ಪೈಲಟ್‌ಗೆ ಅಭಿನಂದನೆ ಎಂದು ಬರೆದಿತ್ತು. ಅದನ್ನು ಕಟ್ಟಿದ ದಿನ ಅವಳು ಇನ್ನೂ ಪೈಲಟ್ ಆಗಿರಲಿಲ್ಲ. ಹೈದರಾಬಾದಿನ ಹತ್ತಿರದ ವಾಯುಪಡೆಯ ತರಬೇತಿ ಅಕಾಡೆಮಿಯಲ್ಲಿ ಕ್ಯಾಡೆಟ್ ಆಗಿದ್ದಳು. ಅವಳಿಗೆ ಯಾವ ವಿಮಾನ ಸಿಗುತ್ತದೆ ಎಂಬುದು ಅಲ್ಲಿಯೂ ಯಾರಿಗೂ ಗೊತ್ತಿರಲಿಲ್ಲ.

ಇದು ಆದದ್ದು ಹೀಗೆ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ನವೆಂಬರಿನಲ್ಲಿ ಆಗುವುದು ಅಪರೂಪ. ಹಾಲ್ ಯಾವಾಗ ಖಾಲಿ ಸಿಗುತ್ತದೋ ಆವಾಗ. ಈ ಸಲ ಡಿಸೆಂಬರಿನಲ್ಲಿ ಸಿಕ್ಕಿತು, ಅದೂ ಮಗಳು ರಜೆಗೆ ಬರುವ ವಾರದಲ್ಲೇ. ಸಂಘದ ಕಾರ್ಯದರ್ಶಿಗಳು ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಅವರ ಹೋಟೆಲಿದೆ. ಅವಳಿಗೆ ಸನ್ಮಾನ ಮಾಡುವುದೆಂದು ಅವರೇ ನಿಶ್ಚಯಿಸಿದರು. ಕಾರ್ಯಕ್ರಮದ ಫ್ಲೆಕ್ಸ್ ಜೊತೆಗೇ ಇದನ್ನೂ ಪ್ರಿಂಟಿಗೆ ಕೊಡಬೇಕೆಂದು ನಮ್ಮ ಮನೆಗೆ ಫೋನ್ ಮಾಡಿ, "ಮಗಳದ್ದು ಎಂತ ವಿಮಾನ ಅಮ್ಮ?" ಎಂದು ಕೇಳಿದರು. ಮಗಳು ಶಾಲೆಯಲ್ಲಿದ್ದಾಗಿನಿಂದ ಹೇಳುತ್ತ ಬಂದದ್ದನ್ನೇ ನನ್ನ ಹೆಂಡತಿ ಹೇಳಿದಳು: "ಫೈಟರ್ ರೀ. ಮತ್ತೇನು?"

ವಿಮಾನ ಹಂಚುವ ಕ್ರಮ ನಮಗೆ ಮಗಳಿಂದಲೇ ತಿಳಿದದ್ದು. ಮೊದಲು ಎಲ್ಲರಿಗೂ ಒಂದೇ ವಿಮಾನ. ಮೂಗಿನಲ್ಲಿ ಫ್ಯಾನ್ ಇರುವ ಸಣ್ಣದು, ಮುಂದೆ ಕಲಿಯುವವರು, ಹಿಂದೆ ಕಲಿಸುವವರು. ಕೆಲವು ವಾರಗಳ ನಂತರ ಒಬ್ಬರೇ ಹಾರಿಸಬೇಕು. ಆಮೇಲೆ ಪಲ್ಟಿ ಹೊಡೆಸುವುದು, ಹೊರಗೆ ನೋಡದೆ ಬರೀ ಮೀಟರುಗಳನ್ನು ನೋಡಿ ಹಾರಿಸುವುದು, ನೆಲಕ್ಕೆ ಹತ್ತಿರವಾಗಿ ನಕ್ಷೆ ಹಿಡಿದು ದಾರಿ ಹುಡುಕುವುದು, ಇನ್ನೊಂದು ವಿಮಾನದ ರೆಕ್ಕೆಯ ಪಕ್ಕಕ್ಕೇ ಇದ್ದು ಜೋಡಿಯಾಗಿ ಹಾರುವುದು. ಪ್ರತಿ ಹಾರಾಟಕ್ಕೂ ಅಂಕ. ಕೊನೆಗೆ ಪ್ರತಿಯೊಬ್ಬರೂ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಈ ಮೂರರಲ್ಲಿ ತಮಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಸುತ್ತಾರೆ. ಆ ಇಷ್ಟ, ಅಂಕ, ಕಲಿಸಿದವರ ಅಭಿಪ್ರಾಯ, ಆ ಸಲ ಯಾವ ಕಡೆಗೆ ಎಷ್ಟು ಜನ ಬೇಕು, ಇವೆಲ್ಲವನ್ನೂ ಸೇರಿಸಿ ನೋಡಿ ಮೇಲಿನವರು ತೀರ್ಮಾನಿಸುತ್ತಾರೆ. ಎಲ್ಲರನ್ನೂ ಒಂದು ಹಾಲಿನಲ್ಲಿ ಕೂರಿಸಿ ಹೆಸರು ಓದುತ್ತಾರೆ.

ನಾನು ಲೋಕಲ್ ರೈಲು ನಡೆಸುವ ಮೋಟರ್‌ಮನ್. ನನಗೂ ಬೇರೆಯವರೇ ಗಾಡಿ ಕೊಟ್ಟದ್ದು. ಮೊದಲು ಯಾರ್ಡಿನಲ್ಲಿ ಡಬ್ಬಿ ಜೋಡಿಸುವ ಶಂಟಿಂಗ್, ಆಮೇಲೆ ಬಹಳ ವರ್ಷ ಗೂಡ್ಸ್, ಆಮೇಲೆ ಗಮನ, ಚುರುಕು ಅಳೆಯುವ, ನಾವು ಸೈಕೋ ಎಂದು ಕರೆಯುವ ಪರೀಕ್ಷೆ ಪಾಸಾದ ಮೇಲೆ ಲೋಕಲ್. ಹಳಿಯ ಮೇಲೆ ಏನೇನು ನೋಡಬಾರದೋ ಅದನ್ನೆಲ್ಲ ನೋಡಿದ್ದೇನೆ. ಅಂಥದ್ದು ಆದ ಮೇಲೆ ಹೇಳಿಕೆ ಕೊಡಬೇಕಾಗುತ್ತದೆ. ಮನುಷ್ಯ ಎಲ್ಲಿ ಕಂಡ, ಹಾರ್ನ್ ಎಲ್ಲಿ ಹೊಡೆದೆ, ಬ್ರೇಕ್ ಎಲ್ಲಿ ಹಾಕಿದೆ, ಅಷ್ಟೇ. ಅವನು ಏಕೆ ಬಂದಿದ್ದ ಎಂದು ನಮಗೆ ಅನ್ನಿಸಿದ್ದನ್ನು ಅದರಲ್ಲಿ ಸೇರಿಸುವಂತಿಲ್ಲ. ಈ ಅಭ್ಯಾಸ ಮನೆಗೂ ಬಂದಿದೆ ಎಂದು ಹೆಂಡತಿ ಬೈಯುತ್ತಾಳೆ.

ಮಗಳ ಫೋನ್ ಬಂದಾಗ ನಾನು ಕಲ್ಯಾಣದಲ್ಲಿದ್ದೆ. ಒಂದು ಗಾಡಿ ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದೆ.

"ಪಪ್ಪಾ, ಹೆಲಿಕಾಪ್ಟರ್," ಎಂದಳು.

"ಊಟ ಆತೇನವಾ?" ಎಂದೆ.

"ಹೂಂ," ಎಂದು ಇಟ್ಟುಬಿಟ್ಟಳು. ಆ ಹೂಂ ಸರಿಯಾಗಿ ಹೊರಗೆ ಬಂದಿರಲಿಲ್ಲ. ಅವತ್ತು ಮುಂದಿನ ಗಾಡಿಯಲ್ಲಿ, ಗಮನ ತಪ್ಪದಿರಲೆಂದು, ಕೊನೆಯವರೆಗೂ ಪ್ರತಿ ಸಿಗ್ನಲ್ಲಿನ ಬಣ್ಣವನ್ನು ಬಾಯಿಬಿಟ್ಟು ಹೇಳಿಕೊಂಡೇ ನಡೆಸಿದೆ.

ಮರುದಿನ ಕಾರ್ಯದರ್ಶಿಗಳ ಹೋಟೆಲಿಗೆ ಹೋಗಿ ಫ್ಲೆಕ್ಸ್ ಇಳಿಸಿರಿ ಎಂದು ಕೇಳಿದೆ. ಅವರು ಗಲ್ಲಾಪೆಟ್ಟಿಗೆಯ ಬಳಿಯಿಂದ ಎದ್ದು ಬಂದು ನನ್ನ ಎದುರು ಕೂತರು.

"ಈಗ ತೆಗೆದ್ರೆ ಜನ ಎಂತ ಹೇಳ್ತಾರೆ ಮಾರಾಯ್ರೆ? ಹುಡುಗಿಯನ್ನು ವಾಪಸ್ ಕಳಿಸಿದ್ರು ಅಂತ ಶುರು ಮಾಡ್ತಾರೆ. ಇರ್ಲಿ ಬಿಡಿ. ಮೇಲೆ ಹೋದ್ಮೇಲೆ ಫೈಟರ್ ಎಂತ, ಹೆಲಿಕಾಪ್ಟರ್ ಎಂತ! ನಮ್ಮವರಿಗೆ ಎರಡೂ ಒಂದೇ."

"ಆಕಿಗೆ ಒಂದಲ್ಲರಿ," ಎಂದೆ.

"ಕಾಫಿ ಕುಡೀರಿ ಮೊದಲು," ಎಂದರು. ಫ್ಲೆಕ್ಸ್ ಅಲ್ಲೇ ಉಳಿಯಿತು.

ಮಗಳನ್ನು ಕರೆತರಲು ಕಲ್ಯಾಣಕ್ಕೆ ಹೋದೆ. ತೆಳ್ಳಗಾಗಿದ್ದಳು, ಮುಖ ಬಿಸಿಲಿಗೆ ಕಪ್ಪಾಗಿತ್ತು. ಡೊಂಬಿವಲಿಯಲ್ಲಿ ಇಳಿದಾಗ ನಾನು ಪಶ್ಚಿಮದ ಕಡೆ ತಿರುಗಿದೆ. "ಪಪ್ಪಾ, ಘರ್ ಈಸ್ಟ್ ಮೇ ಹೈ," ಎಂದು ಅವಳೇ ಮುಂದಾಗಿ ಮನೆಯಿರುವ ಪೂರ್ವಕ್ಕೆ ನಡೆದಳು. ಫ್ಲೆಕ್ಸಿನ ಮುಂದೆ ನಿಂತಳು. ಸಾಕಷ್ಟು ಹೊತ್ತು ನಿಂತಳು. ಹಿಂದಿನಿಂದ ಬಂದ ಜನ ಅವಳಿಗೆ ತಾಕಿಕೊಂಡೇ ಹೋಗುತ್ತಿದ್ದರು. ಫ್ಲೆಕ್ಸಿನ ಮೇಲಿರುವವಳು ಇವಳೇ ಎಂದು ಯಾರಿಗೂ ಗೊತ್ತಾಗಲಿಲ್ಲ.

"ಇದು ಅಮೆರಿಕಾದ್ದು ಪಪ್ಪಾ," ಎಂದಳು. "ಈ ಪ್ಲೇನ್ ನಮ್ಮ ಹತ್ರ ಇಲ್ಲವೇ ಇಲ್ಲ."

ಮೆಟ್ಟಿಲ ಮೇಲೆ ಎರಡನೇ ಮಹಡಿಯ, ಎಲ್ಲರೂ ಕಾಕು ಎಂದು ಕರೆಯುವ ಮರಾಠಿ ಹೆಂಗಸು ಸಿಕ್ಕರು. ಕೆನ್ನೆ ಸವರಿ, ಒಂದು ಸಲ ನಿನ್ನ ವಿಮಾನ ತಂದು ನಮ್ಮ ಕಟ್ಟಡದ ಗಚ್ಚಿಯ ಮೇಲೆ ಇಳಿಸಬೇಕು ನೋಡು ಎಂದರು. ಮಗಳು ಮರಾಠಿಯಲ್ಲೇ, "ಕಾಕೂ, ಹೆಲಿಕಾಪ್ಟರ್ ಇದ್ರೇನೇ ಗಚ್ಚಿ ಮೇಲೆ ಇಳಿಸೋಕೆ ಆಗೋದು," ಎಂದಳು. ಕಾಕು ಬಿದ್ದು ಬಿದ್ದು ನಕ್ಕರು. ಮಗಳು ನಗಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಸಿದ್ಧಮಾಡಿಟ್ಟಿದ್ದಳು, ಅಡುಗೆಯನ್ನೂ, ಹೇಳುವ ಮಾತನ್ನೂ. ಫೈಟರಿನ ಸೀಟುಗಳು ಇವಳ ಹೆಸರು ಬರುವಷ್ಟರಲ್ಲಿ ತುಂಬಿದ್ದವು ಎಂದು ಮಗಳು ಫೋನಿನಲ್ಲಿ ತಾಯಿಗೆ ಹೇಳಿದ್ದಳಂತೆ. ಅದು ಆಗಲೇ ವಿಜಯಪುರದ ಬಂಧುಗಳಿಗೂ, ದಿವಾದಲ್ಲಿರುವ ನನ್ನ ತಮ್ಮನಿಗೂ, ಕಾರ್ಯದರ್ಶಿಗಳಿಗೂ ಮುಟ್ಟಿತ್ತು. "ಇಕಿಗಿಂತ ಮೊದಲಿನಾಂವಗ ಸೀಟ್ ಮುಗದ್ವು. ಇಕಿ ತಪ್ಪೇನೈತಿ?" ಎಂದು ಹೆಂಡತಿ ಫೋನಿನಲ್ಲಿ ಹೇಳುತ್ತಿದ್ದಾಗ ಮಗಳು ತಟ್ಟೆ ನೋಡುತ್ತ ಉಣ್ಣುತ್ತಿದ್ದಳು.

ಸನ್ಮಾನ ಭಾನುವಾರ ಇತ್ತು. ಶನಿವಾರ ನನಗೆ ಬೆಳಗಿನ ಪಾಳಿ. ಚಹಾ ಮಾಡಲು ಎದ್ದರೆ ಮಗಳು ಆಗಲೇ ಅಡುಗೆಮನೆಯಲ್ಲಿದ್ದಳು. ಅಕಾಡೆಮಿಯ ರೂಢಿ.

"ಪಪ್ಪಾ, ಏಕ್ ಬಾತ್ ಬೋಲೂ? ಸೀಟ್ ಇತ್ತು."

ನಾನು ಗ್ಯಾಸ್ ಸಣ್ಣ ಮಾಡಿದೆ.

"ನನ್ನ ಆದ್ಮೇಲೆ ಹೆಸರು ಓದಿದವನಿಗೆ ಫೈಟರ್ ಸಿಕ್ತು. ಅವನದು ಟೋಟಲ್ ನನಗಿಂತ ಕಮ್ಮಿ."

ಮೇಜಿನ ಮೇಲಿದ್ದ ಎರಡು ಚಮಚ ತೆಗೆದುಕೊಂಡು ತೋರಿಸಿದಳು. ಮುಂದಿನ ವಿಮಾನ ತಿರುಗಿದರೆ ಪಕ್ಕದ್ದೂ ಅದೇ ಹೊತ್ತಿಗೆ ತಿರುಗಬೇಕು. ಇವಳು ನೋಡುತ್ತಾಳೆ, ಖಾತ್ರಿ ಮಾಡಿಕೊಳ್ಳುತ್ತಾಳೆ, ಆಮೇಲೆ ತಿರುಗಿಸುತ್ತಾಳೆ. ಅಷ್ಟರಲ್ಲಿ ನಡುವೆ ಅಂತರ ಬಿದ್ದಿರುತ್ತದೆ. ಕಲಿಸುವವರು ಮತ್ತೆ ಮತ್ತೆ ಕರೆದುಕೊಂಡು ಹೋದರಂತೆ. ಅಂತರ ಕಡಿಮೆಯಾಯಿತು, ಹೋಗಲಿಲ್ಲ. ನೆಲದ ಹತ್ತಿರ ಹಾರಿ ದಾರಿ ಹುಡುಕುವುದರಲ್ಲಿ ಮಾತ್ರ ಅವಳ ಬ್ಯಾಚಿನಲ್ಲಿ ಅವಳದೇ ಮೇಲುಗೈ. ಹೆಲಿಕಾಪ್ಟರ್ ನಿನಗೆ ಒಪ್ಪುತ್ತದೆ ಎಂದರಂತೆ.

"ಮುಝೆ ನಹೀ ಚಾಹಿಯೇ ಥಾ ಜೋ ಸೂಟ್ ಹೋತಾ ಹೈ," ಎಂದಳು. ಒಪ್ಪುವಂಥದ್ದು ಬೇಕಿರಲಿಲ್ಲ ಅವಳಿಗೆ, ಬೇಕಾದದ್ದು ಬೇಕಿತ್ತು. ಚಮಚಗಳನ್ನು ಇಟ್ಟಳು. "ಪಪ್ಪಾ, ನಾನು ವಾಪಸ್ ಹೋಗದೇ ಇದ್ರೆ?"

ಬೇಡವೆಂದು ಬರೆದುಕೊಟ್ಟು ಹೊರಬರಬಹುದಂತೆ. ಕೆಲವರು ಬಂದಿದ್ದಾರಂತೆ. ಅವಳು ಅದನ್ನು ಸುಮ್ಮನೆ ಹೇಳುತ್ತಿಲ್ಲ, ರೈಲಿನಲ್ಲಿ ಬರುವಾಗಲೆಲ್ಲ ಯೋಚಿಸಿದ್ದಾಳೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಿಜ ಹೇಳಬೇಕೆಂದರೆ, ಅವಳು ಹಾರುವುದನ್ನು ಬಿಟ್ಟು ಮನೆಗೆ ಬಂದರೆ ನನಗೆ ನೆಮ್ಮದಿ ಎಂಬ ಯೋಚನೆಯೂ ಆ ಕ್ಷಣವೇ ಬಂತು. ಅದನ್ನು ನುಂಗಿಕೊಂಡೆ.

"ಹೋಗೂದು ಬಿಡೂದು ನಿನಗ ಬಿಟ್ಟಿದ್ದು. ನಾ ಹೋಗು ಅನ್ನೂದಿಲ್ಲ, ಬ್ಯಾಡ ಅನ್ನೂದಿಲ್ಲ. ಆದ್ರ ಸೀಟ್ ಇರಲಿಲ್ಲ ಅಂತ ಹೇಳಿ ಬಿಡಬ್ಯಾಡ. ಇತ್ತು, ಕೊಡಲಿಲ್ಲ ಅಂತ ಹೇಳಿ ಬಿಡು."

ಅವಳಿಗೆ ಸಿಟ್ಟು ಬಂತು. "ನೀವೂ ಅಕಾಡೆಮಿಯವರ ಸೈಡ್?"

"ನಾ ಯಾರ ಸೈಡೂ ಅಲ್ಲ. ನಂದೀಗ ಡ್ಯೂಟಿ ಐತಿ," ಎಂದು ಚೀಲ ಎತ್ತಿಕೊಂಡೆ. ಇಡೀ ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ಭಾನುವಾರ ಹಾಲ್ ತುಂಬಿತ್ತು. ಠಾಣೆ, ನವಿ ಮುಂಬೈ ಕಡೆಯಿಂದಲೂ ಜನ ಬಂದಿದ್ದರು. ನಾಡಗೀತೆ, ಮಕ್ಕಳ ನೃತ್ಯ, ಭಾಷಣಗಳು ಆದವು. ವೇದಿಕೆಯ ಹಿಂದೆ ಅದೇ ಚಿತ್ರ, ಅದೇ ಫೈಟರ್. ಅವಳಿಗೆ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ಸಡಿಲವಿತ್ತು, ಒಂದು ಕೈಯಿಂದ ಹಿಡಿದುಕೊಂಡಿದ್ದಳು. ಕಾರ್ಯದರ್ಶಿಗಳು ಮೈಕಿನಲ್ಲಿ, "ಸೀಟುಗಳು ಭರ್ತಿಯಾದ ಕಾರಣ ನಮ್ಮ ಹುಡುಗಿಗೆ ಈ ಸಲ ಫೈಟರ್ ತಪ್ಪಿತು. ಆದರೆ ನಮ್ಮ ಪಾಲಿಗೆ ಅವಳು ಫೈಟರೇ," ಎಂದರು. ಪ್ರೀತಿಯಿಂದಲೇ ಹೇಳಿದರು. ದೊಡ್ಡ ಚಪ್ಪಾಳೆ ಬಿತ್ತು.

ಅವಳು ಮೈಕ್ ಹಿಡಿದಳು. ಕನ್ನಡದಲ್ಲಿ ಮಾತಾಡುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಮನೆಯಲ್ಲೇ ಅರ್ಧ ಹಿಂದಿ.

"ನಮಸ್ಕಾರ. ನನ್ನ ಕನ್ನಡ ತಪ್ಪಾದ್ರೆ ಮಾಫ್ ಮಾಡಿ. ಅಂಕಲ್ ಹೇಳಿದ್ದು... ಅಂಕಲ್ ತಪ್ಪಲ್ಲ, ನಾನೇ ಮನೇಲಿ ಹಾಗೆ ಹೇಳಿದ್ದೆ. ಸೀಟ್ ಇತ್ತು. ನನಗೆ ಕೊಡಲಿಲ್ಲ. ಜೋಡಿ ಹಾರೋದ್ರಲ್ಲಿ ನಾನು ಸ್ವಲ್ಪ ಲೇಟ್. ಅದಕ್ಕೆ ನನಗೆ ಹೆಲಿಕಾಪ್ಟರ್ ಕೊಟ್ರು."

ಚಪ್ಪಾಳೆ ಇಲ್ಲ. ಹೆಂಡತಿ ನನ್ನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಳು. ಮುಂದಿನ ಸಾಲಿನ ಒಬ್ಬ ಮುದುಕಿ ಎಲ್ಲರಿಗೂ ಕೇಳುವಂತೆ, "ಅಂದ್ರ ನಪಾಸಾತೇನ ಹುಡುಗಿ?" ಎಂದಳು.

"ಇಲ್ಲ ಅಜ್ಜಿ. ನಪಾಸಾದ್ರೆ ಮನೆಗೆ ಕಳಿಸ್ತಾರೆ. ನಾನು ಮಂಗಳವಾರ ವಾಪಸ್ ಹೋಗ್ತಾ ಇದೀನಿ."

ನನಗೂ ಅದು ಆಗಲೇ ತಿಳಿದದ್ದು.

ಮನೆಗೆ ಬರುವಾಗ ರಿಕ್ಷಾದಲ್ಲಿ ಹೆಂಡತಿ ಸಿಡಿದಳು. "ಅಷ್ಟು ಮಂದಿ ಮುಂದ ಹೇಳಬೇಕಿತ್ತೇನ? ಯಾರು ಕೇಳಿದ್ರು ನಿನ್ನ?"

"ಅವ್ವಾ, ಹೇಳದೇ ಇದ್ದಿದ್ರೆ ನನಗೆ ಹೋಗೋಕೆ ಆಗ್ತಿರಲಿಲ್ಲ. ಅಲ್ಲಿ ಕೂತ್ಕೊಂಡು ಫೈಟರ್ ಫೈಟರ್ ಅಂತಲೇ ಅಳ್ತಾ ಇರ್ತಿದ್ದೆ."

ಹೆಂಡತಿ ಮುಖ ತಿರುಗಿಸಿಕೊಂಡಳು. ಮರುದಿನವೂ ಬಿಗುಮಾನ ಬಿಡಲಿಲ್ಲ. ಆದರೆ ಮಧ್ಯಾಹ್ನ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಶೇಂಗಾ ಚಟ್ನಿಯ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಬಿಗಿದು, ಬ್ಯಾಗಿನಲ್ಲಿ ತುರುಕುತ್ತ, ಮಗಳ ಕಡೆ ನೋಡದೆಯೇ ಕೇಳಿದಳು.

"ಆ ಹೆಲಿಕಾಪ್ಟರಿಗೆ ಬಾಗಲಾ ಇರತೈತೇನ?"

"ಇರತ್ತೆ ಅವ್ವಾ. ಪಕ್ಕಕ್ಕೆ ಸರಿಸೋದು. ಕೆಲವು ಸಲ ತೆರೆದಿಟ್ಟುಕೊಂಡೇ ಹೋಗ್ತಾರೆ, ನಮ್ಮ ಲೋಕಲ್ ಥರ."

"ಹಂಗಾರ ಬಾಗಲದಾಗ ನಿಂದ್ರಬ್ಯಾಡ."

"ಅವ್ವಾ, ನಾನು ನಿಲ್ಲೋದಿಲ್ಲ. ನಾನು ಮುಂದೆ ಕೂತು ನಡೆಸೋಳು," ಎಂದು ಮಗಳು ಬ್ಯಾಗಿನ ಪಕ್ಕ ಕುಳಿತು, ಯಾವ ಕೈ ಯಾವುದನ್ನು ಹಿಡಿಯುತ್ತದೆ, ಕಾಲು ಎಲ್ಲಿರುತ್ತದೆ ಎಂದು ತೋರಿಸತೊಡಗಿದಳು. ತನಗೂ ಇನ್ನೂ ಪೂರ್ತಿ ಗೊತ್ತಿಲ್ಲ, ಹೋಗಿ ಕಲಿಯಬೇಕು ಎಂದಳು. ಹೆಂಡತಿ ಡಬ್ಬಿ ಕೈಯಲ್ಲೇ ಹಿಡಿದು ನೋಡುತ್ತಿದ್ದಳು.