ಗೋಡೆಯ ಮೇಲೆ ಕಂಡ ಹಳದಿ ಬಾವುಟ

ಹೋದ ತಿಂಗಳು ಶಹಾಪುರದಲ್ಲಿ ಬಂದ್ ಇತ್ತು. ಬಸ್ ನಿಲ್ದಾಣದ ಎದುರಿನ ರಸ್ತೆಯಲ್ಲಿ ಯಾರೋ ಹಳೆಯ ಟೈರುಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಗಾಳಿ ತಿರುಗಿ ಹೊಗೆ ಒಳಗೆ ನುಗ್ಗಿದಾಗ ಜನ ಮೂಗಿಗೆ ಸೆರಗು, ಟವೆಲ್ ಹಿಡಿದು ಬೈಯುತ್ತ ಕುಳಿತರು. ನಾನು ಎದ್ದು ನಿಂತಿದ್ದೆ. ಒರಗಿಕೊಂಡಿದ್ದ ಕಬ್ಬಿಣದ ಕಂಬದಿಂದ ಬೆನ್ನು ತಾನಾಗಿ ಈಚೆ ಬಂದಿತ್ತು. ರಬ್ಬರು ಸುಟ್ಟ ವಾಸನೆ ಬಂದರೆ ಈಗಲೂ ಹೀಗೆಯೇ... ನನ್ನನ್ನು ಕೇಳದೆ ಮೈ ಕಬ್ಬಿಣದಿಂದ ದೂರ ಸರಿಯುತ್ತದೆ. ಆಮೇಲೆ ವೆಲ್ಡಿಂಗ್ ಕಾಕಾ ನೆನಪಾಗುತ್ತಾರೆ.

ಶಹಾಪುರದ ನಮ್ಮ ಕಾಲೇಜಿನ ಗೇಟಿನೆದುರು ಅವರ ತಗಡಿನ ಶೆಡ್ಡು ಇತ್ತು. ಕಿಟಕಿಯ ಗ್ರಿಲ್ಲು, ಬಾಗಿಲು, ಟ್ರ್ಯಾಕ್ಟರಿನ ಮುರಿದ ಕೊಂಡಿ, ಎಲ್ಲ ಅಲ್ಲಿಗೇ ಬರುತ್ತಿದ್ದವು. ಕುಳ್ಳಗಿನ ಮನುಷ್ಯ. ಬೆಂಕಿಯ ಬೆಳಕು ನೋಡಿ ನೋಡಿ ಕಣ್ಣು ಸದಾ ಕೆಂಪು. ಅವರ ಒಬ್ಬಳೇ ಮಗಳು ನನ್ನ ಜೊತೆ ಬಿ.ಎ. ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಕಾಲೇಜಿನ ಹುಡುಗಿಯರ ಕಬಡ್ಡಿ ತಂಡದಲ್ಲಿ ದಾಳಿಗೆ ಮೊದಲು ಹೋಗುವವಳು ಅವಳೇ.

ಅವಳನ್ನು ಸೋದರಮಾವನಿಗೆ ಕೊಡುವುದೆಂದು ಮನೆಯಲ್ಲಿ ಎಂದೋ ಮಾತಾಗಿತ್ತು. ಗೋಗಿಯಲ್ಲಿ ಹೊಲ ಮಾಡಿಕೊಂಡಿದ್ದ ಆ ಮಾವ ಆ ವರ್ಷ ಅವಸರ ಮಾಡತೊಡಗಿದ್ದ. ಒಂದು ಮಧ್ಯಾಹ್ನ ನಾನು ಸೈಕಲ್ಲಿನ ಮುರಿದ ಸ್ಟ್ಯಾಂಡಿಗೆ ಬೆಸುಗೆ ಹಾಕಿಸಲು ಶೆಡ್ಡಿನಲ್ಲಿ ಕಾಯುತ್ತಿದ್ದಾಗ ಅವನು ಬಂದ.

“ಭಾವಾ, ಆಕಿ ಇನ್ನ ಎಷ್ಟ್ ದಿನ ಚಡ್ಡಿ ಹಾಕ್ಕೊಂಡು ಕುಣೀತಾಳ್ರಿ? ಊರಾಗ ಮಂದಿ ನನಗ ನಗಾಕತ್ತಾರ.”

“ಕಾಲೇಜಿನ ಮ್ಯಾಚ್ ಸುರು ಆಗಾಕತ್ತಾವ,” ಎಂದರು ಕಾಕಾ, ಮುಖದ ಕವಚ ಸರಿಸುತ್ತ. “ಸೋಲೂತನಕ ಆಡ್ಲಿ. ಸೋತ ಮರುದಿನಾನೇ ಬಂದು ಲಗ್ನದ ದಿನ ಗೊತ್ತು ಮಾಡು.”

“ಮತ್ತ ಗೆದ್ದರ?”

“ಕಪ್ ಗೆದ್ದರ ಯುನಿವರ್ಸಿಟಿ ಟೀಮಿಗೆ ತಗೋತಾರಂತ. ಹಂಗಾದ್ರ ನೀ ಇನ್ನೊಂದು ವರ್ಷ ಕಾಯಿ. ಆಕಿ ಎಲ್ಲಿ ಹೋಗ್ತಾಳಪಾ, ಗೆರಿ ಮುಟ್ಟಿ ತಿರುಗಿ ಬರಾಕಿನ ಅಲ್ಲೇನು.”

ಮಾವನಿಗೂ ನಗು ಬಂತು. ಒಪ್ಪಿಕೊಂಡು ಹೋದ. ನಮ್ಮ ಕಾಲೇಜು ಮೊದಲ ಪಂದ್ಯ ದಾಟಿದ್ದನ್ನು ಯಾರೂ ನೋಡಿರಲಿಲ್ಲ.

ಒಮ್ಮೆ ಸೋತರೆ ಮನೆಗೆ ಹೋಗಬೇಕಾದ ಪಂದ್ಯಗಳವು. ಮೊದಲನೆಯದು ನಮ್ಮ ಮೈದಾನದಲ್ಲೇ ನಡೆಯಿತು, ಗೆದ್ದರು. ಕಾಕಾ ಜನರ ಹಿಂದೆ ತುದಿಗಾಲಲ್ಲಿ ನಿಂತೇ ನೋಡಿದರು. ಮಗಳು ಬಂದವಳೇ, “ಎಲ್ಲಿದ್ದಿ ಅಪ್ಪಾ? ನೀ ಬಂದೇ ಇಲ್ಲ ಅನ್ಕೊಂಡಿದ್ದೆ,” ಎಂದು ಮುಖ ಉಬ್ಬಿಸಿದಳು. ಮುಂದಿನ ಪಂದ್ಯ ಭೀಮರಾಯನಗುಡಿಯಲ್ಲಿ. ಅಲ್ಲಿಗೆ ಕಾಕಾ ಒಂದು ಬಿದಿರಿನ ತುದಿಗೆ ಹಳದಿ ಬಾವುಟ ಕಟ್ಟಿಕೊಂಡು ಬಂದರು. ತಂಡದ ಅಂಗಿ ಹೊಲಿದು ಉಳಿದ ಬಟ್ಟೆ ಅದು. ಅಂಕಣದಿಂದ ಮಗಳು ತಲೆಯೆತ್ತಿದಾಗ ಜನರ ತಲೆಗಳ ಮೇಲೆ ಅದು ಆಡುತ್ತಿತ್ತು. ಆ ದಿನವೂ ಗೆದ್ದರು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಪಂದ್ಯ ಮೇಲೇರಿದಂತೆ ಜನ ಹೆಚ್ಚು. ಜನ ಹೆಚ್ಚಿದಂತೆ ಕೋಲು ಉದ್ದ. ಗೆದ್ದಾಗಲೆಲ್ಲ ಒಂದು ತುಂಡು ಸೇರುತ್ತಿತ್ತು. ಹೊರಡುವ ದಿನ ನಾವೆಲ್ಲ ಶೆಡ್ಡಿನ ಮುಂದೆ ಸೇರಿ ಆ ಜೋಡಣೆ ನೋಡಿಯೇ ಟೆಂಪೊ ಹತ್ತುತ್ತಿದ್ದೆವು. ಸುರಪುರದ ಸೆಮಿಫೈನಲ್ಲಿನಲ್ಲಿ ಎದುರಾಳಿ ಊರಿನವನೊಬ್ಬ ಕೇಳಿದ, “ಏನ್ರಿ ಕಾಕಾ, ಟಾವರ್ ನಿಲ್ಸಾಕ ಬಂದೀರೇನ್ರಿ?”

“ಹೌದ್ರಿ. ನಿಮ್ಮ ಹುಡುಗೀರಿಗೆ ನೆಟ್ವರ್ಕ್ ಸಿಗವಲ್ದಲ್ಲ, ಪಾಪ.”

ಅಲ್ಲಿಯೂ ಗೆದ್ದರು. ಆದರೆ ಗಾಳಿಗೆ ಬಿದಿರು ಜೋಡಿಸಿದ ಕಡೆ ಸೀಳಿತು. ಬಿದಿರನ್ನು ನಂಬಿದ್ದೇ ತಪ್ಪಾಯಿತು ಎಂದರು ಕಾಕಾ. ಫೈನಲ್ಲಿಗೆ ತಮಗೆ ಗೊತ್ತಿದ್ದ ವಸ್ತುವಿನಿಂದಲೇ ಮಾಡಿದರು. ಕಬ್ಬಿಣದ ತೆಳು ಪೈಪು, ತುಂಡಿಗೆ ತುಂಡು ಬೆಸೆದು, ಬೆಸುಗೆಯ ಗುರುತು ಕೈಗೆ ತಾಗದಂತೆ ಉಜ್ಜಿ... ಅಷ್ಟು ಚಂದದ ಕೆಲಸವನ್ನು ಅವರು ಯಾರ ಮನೆಯ ಗೇಟಿಗೂ ಮಾಡಿರಲಿಲ್ಲ.

ಫೈನಲ್ ಯಾದಗಿರಿಯಲ್ಲಿತ್ತು. ತಂಡ ಬೆಳಿಗ್ಗೆಯೇ ಬಸ್ಸಿನಲ್ಲಿ ಹೋಗಿತ್ತು. ನಾವು ಗೂಡ್ಸ್ ಟೆಂಪೊದ ಹಿಂದೆ ತುಂಬಿಕೊಂಡು ಹೊರಟೆವು. ಪೈಪು ಓರೆಯಾಗಿ ಮಲಗಿ ಹಿಂದೆ ಹೊರಗೆ ಚಾಚಿತ್ತು. ಟೆಂಪೊ ಓಡಿಸುತ್ತಿದ್ದ ಭಾಯಿ ದಾರಿಯುದ್ದಕ್ಕೂ ಕಾಡಿಸುತ್ತಿದ್ದ: “ಕಾಕಾ, ಬೋರ್ ಹೊಡಿಯೋರು ಬಂದಾರಂತ ಹೊಲದವರು ಕೈ ಮಾಡಾಕತ್ತಾರ ನೋಡ್ರಿ. ನಿಲ್ಸಲೇನು?” ಭೀಮಾ ಸೇತುವೆಯ ಮೇಲೆ ಹತ್ತಿ ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ಅದು ಸರಿಯುವವರೆಗೆ ಕಾಕಾ ಕೂರಲಿಲ್ಲ. ಹತ್ತಿದರು, ಇಳಿದರು, ನದಿ ನೋಡಿದರು, ಮತ್ತೆ ಹತ್ತಿದರು.

ಮುಟ್ಟುವಷ್ಟರಲ್ಲಿ ಆಟ ಶುರುವಾಗಿತ್ತು. ಮೈದಾನದ ಹಿಂದಿನ ಓಣಿಯಲ್ಲಿ, ಕಂಪೌಂಡ್ ಗೋಡೆಗೆ ಒತ್ತಿಕೊಂಡು ಟೆಂಪೊ ನಿಂತಿತು. ಒಳಗಿನಿಂದ ಮೈಕಿನ ದನಿ ಕೇಳುತ್ತಿತ್ತು. ಗೇಟು ಆ ಕಡೆ ಇತ್ತು.

“ನೀವೆಲ್ಲ ಇಳೀರಿ,” ಎಂದರು ಕಾಕಾ. “ಸುತ್ತ ಹಾಕಿ ಹೋಗೂತನಕ ಅರ್ಧ ಆಟ ಮುಗೀತದ. ಇಲ್ಲಿಂದ್ಲೇ ಕಾಣ್ಲಿ ಆಕಿಗೆ.”

ಪೈಪಿನ ಬುಡ ನನ್ನ ಕೈಯಲ್ಲಿತ್ತು. “ಕೈ ಬಿಡು ಯವ್ವಾ, ನಾ ಎತ್ತತೀನಿ,” ಎಂದರು. ಬಿಟ್ಟೆ. ಕೆಳಗೆ ಜಿಗಿದೆ. ಚಪ್ಪಲಿ ಟೆಂಪೊದಲ್ಲೇ ಉಳಿದಿತ್ತು.

ಕಾಕಾ ಟೆಂಪೊದಲ್ಲೇ ನಿಂತು ಪೈಪು ಮೇಲೆತ್ತಿದರು. ನಾವೆಲ್ಲ ಗೋಡೆ ನೋಡುತ್ತಿದ್ದೆವು. ಗೋಡೆಯ ಗುಂಟ ಮೇಲೆ ಹೋಗಿದ್ದ ವಿದ್ಯುತ್ ತಂತಿಯನ್ನಲ್ಲ. ಒಂದು ಸಿಡಿತ... ಬೆಳಕು ಮೊದಲೋ ಸಪ್ಪಳ ಮೊದಲೋ ಈಗಲೂ ಗೊತ್ತಾಗುವುದಿಲ್ಲ. ಒಳಗೆ ಮೈಕು ಯಾವುದೋ ಹುಡುಗಿಯ ಹೆಸರಿನ ಅರ್ಧಕ್ಕೆ ನಿಂತಿತು. ನಾನು ಚಪ್ಪಲಿಗೆಂದು ಟೆಂಪೊದ ಕಡೆ ಕೈ ಚಾಚಿಯೇ ಇದ್ದೆ. ಭಾಯಿ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದು ಕೆಡವಿದ. “ಮುಟ್ಟಬ್ಯಾಡ್ರಿ. ಯಾರೂ ಗಾಡಿ ಮುಟ್ಟಬ್ಯಾಡ್ರಿ,” ಎಂದು ಕೂಗುತ್ತಿದ್ದ. ನನ್ನ ಬೆರಳಿಗೂ ಆ ತಗಡಿಗೂ ನಡುವೆ ಎಷ್ಟು ಜಾಗವಿತ್ತೆಂದು ನಿದ್ದೆ ಬಾರದಾಗಲೆಲ್ಲ ಅಳೆಯುತ್ತೇನೆ. ಒಮ್ಮೆ ಒಂದು ಗೇಣು ಅನಿಸುತ್ತದೆ. ಒಮ್ಮೆ ಏನೂ ಇರಲಿಲ್ಲ ಅನಿಸುತ್ತದೆ. ಟೆಂಪೊದ ಟೈರುಗಳು ಉರಿಯುತ್ತಿದ್ದವು. ಕಾಕಾ ನಿಂತೇ ಇದ್ದರು... ಆಮೇಲೆ ನಿಂತಿರಲಿಲ್ಲ.

ಗೋಡೆಯಾಚೆ ಆಟ ನಡೆದೇ ಇತ್ತು. ಕರೆಂಟು ಹೋಗುವುದು ನಮ್ಮ ಕಡೆ ಯಾರನ್ನೂ ಬೆಚ್ಚಿಸುವುದಿಲ್ಲ. ಜನ “ಹೋ” ಎಂದು ಕೂಗಿದರು, ನಕ್ಕರು. ಸೀಟಿಯ ಮೇಲೆ ಆಟ ಮುಂದುವರಿಯಿತು. ಓಡಿ ಬಂದ ಹಿರಿಯರು, ಮುಗಿಯುವವರೆಗೆ ಮಗಳಿಗೆ ಹೇಳುವುದು ಬೇಡ ಎಂದರು. ಗೆದ್ದರೆ ಅಷ್ಟಾದರೂ ಆಗಲಿ ಎಂದು ಅವರ ಮನಸ್ಸಿನಲ್ಲಿದ್ದಿರಬೇಕು. ಗೆಲ್ಲಲಿಲ್ಲ. ಸ್ವಲ್ಪದರಲ್ಲಿ ಸೋತರು.

ಸತ್ತ ಮನೆಯಲ್ಲಿ ವರ್ಷದೊಳಗೆ ಮದುವೆ ಮಾಡಬೇಕೆಂದು ಲಗ್ನ ಬೇಗ ಆಯಿತು. ಮಾವ ಕೆಟ್ಟವನಲ್ಲ. ಭಾವನ ಮಾತನ್ನು ನೆನಪಿಸಲೂ ಇಲ್ಲ. ನೆನಪಿಸುವ ಅಗತ್ಯವೂ ಇರಲಿಲ್ಲ. ಅವಳು ಗೋಗಿಗೆ ಹೋದಳು. ನಾನು ಓದು ಮುಗಿಸಿ ಸುರಪುರದಲ್ಲಿ ಶಾಲೆಯ ಕೆಲಸ ಹಿಡಿದೆ. ಮಕ್ಕಳನ್ನು ಆಟಕ್ಕೆ ಬಿಡುವಾಗ ಉಳಿದ ಶಿಕ್ಷಕರು ಮಕ್ಕಳನ್ನು ನೋಡುತ್ತಾರೆ. ನಾನು ಆಕಾಶ ನೋಡುತ್ತೇನೆ. ನಮ್ಮ ಕಾಲೇಜಿನ ತಂಡದ ಹಿಂದೆ ಟೆಂಪೊ ಮಾಡಿಕೊಂಡು ಹೋಗುವವರು ಆಮೇಲೆ ಯಾರೂ ಹುಟ್ಟಲಿಲ್ಲ. ಶೆಡ್ಡಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಬಂದ್ ದಿನ ನಿಲ್ದಾಣದಲ್ಲಿ ಅವಳೂ ಸಿಕ್ಕಿದಳು. ಮಡಿಲಲ್ಲಿ ಪುಟ್ಟ ಮಗಳು ಮಲಗಿದ್ದಳು. ಬಸ್ಸಿಗೆ ಕಾಯುತ್ತ ಹೊಲದ ಮಾತು, ಮನೆಯ ಮಾತು ಆಯಿತು. ಆಮೇಲೆ ಅವಳು, ಎಷ್ಟೋ ದಿನದಿಂದ ಹೇಳಬೇಕೆಂದಿದ್ದವಳಂತೆ, ಮೆಲ್ಲಗೆ ಹೇಳಿದಳು:

“ಬಾವುಟ ನನಗ ಕಂಡಿತ್ತು. ಯಾರಿಗೂ ಹೇಳಿಲ್ಲ ನಾ. ಔಟಾಗಿ ಹೊರಗ ಕುಂತಿದ್ದೆ. ಗ್ವಾಡಿ ಮ್ಯಾಲ ಹಳದಿ ಎದ್ದು ಬಂತು. ಅಪ್ಪ ಬಂದ ಅಂದೆ. ಅಷ್ಟರಾಗ ಮೈಕ್ ಬಂದ್ ಆತು. ಕರೆಂಟ್ ಹೋತಂತ ಎಲ್ಲಾರೂ ಹೋ ಅಂದ್ರು.”

ಮಗುವಿನ ಕೂದಲು ಸರಿಮಾಡಿದಳು.

“ನಾನೂ ಅಂದೆ. ನಕ್ಕೆ. ಬಾವುಟ ಇಳೀತು, ಗೇಟಿನ ಕಡೆಯಿಂದ ಬರ್ತಾನ ಅನ್ಕೊಂಡೆ. ಮತ್ತ ಒಳಗ ಕರದ್ರು, ಆ ಕಡೆನೇ ನೋಡ್ಕೋತ ಆಡಿದೆ. ಆಕಡೆಯವ್ರು ನನ್ನ ಕಾಲು ಹಿಡಿಯಾಕ ಬಂದಿದ್ದು ನೋಡ್ಲಿಲ್ಲ, ಸಿಕ್ಕೊಂಡೆ.”

ಗೋಗಿಯ ಬಸ್ಸು ಬಂತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದವಳು, ನಾನು ಏನಾದರೂ ಹೇಳಬಹುದೆಂದು ಒಂದು ಗಳಿಗೆ ನಿಂತಳು. ನಿನಗೆ ಗೊತ್ತಿರಲಿಲ್ಲವಲ್ಲ ಎನ್ನಬಹುದಿತ್ತು. ಅದನ್ನು ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಾಳೋ... ನಾನು ಅವಳ ಕೈಚೀಲ ಎತ್ತಿ ಕೊಟ್ಟೆ. ಅವಳು ಹತ್ತಿ ಕುಳಿತಳು. ಬಸ್ಸು ಕದಲಿದ ಮೇಲೆ ನಾನು ಕೈ ಎತ್ತಿದೆ. ಅವಳು ಮಗುವನ್ನು ಸರಿಯಾಗಿ ಮಲಗಿಸಿಕೊಳ್ಳುತ್ತಿದ್ದಳು, ನೋಡಲಿಲ್ಲ.