ಮೂರನೆಯ ಸಿಲಿಂಡರಿನ ಸದ್ದು

ಅವರ ಎಡಗಿವಿಯ ಸುತ್ತ ಒಂದು ಕಪ್ಪು ಉಂಗುರವಿತ್ತು. ಮೊಳದುದ್ದದ ಸ್ಕ್ರೂಡ್ರೈವರಿನ ಹಿಡಿಯನ್ನು ಆ ಕಿವಿಗೆ ಒತ್ತಿಕೊಂಡು, ಅದರ ಮೊನೆಯನ್ನು ಓಡುವ ಇಂಜಿನ್ನಿನ ಮೈಮೇಲೆ ಊರಿ, ಕಣ್ಣು ಮುಚ್ಚಿ ಆಲಿಸುವುದು ಅವರ ಕ್ರಮ. ವರ್ಷಾನುಗಟ್ಟಲೆಯ ಆ ಒತ್ತಿನಿಂದ ಮಸಿಯು ಚರ್ಮದೊಳಗೇ ಇಳಿದು ನಿಂತಿತ್ತು. ಮದುವೆಯ ಮನೆಗೆ ಬಿಳಿ ಪಂಚೆ ಉಟ್ಟು ಬಂದಾಗಲೂ ಆ ಉಂಗುರ ಹಾಗೆಯೇ ಇರುತ್ತಿತ್ತು.

ಇಂದು ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಅವರು ಬದುಕಿದ್ದಾಗ ನಾನು ಒಮ್ಮೆಯೂ ಹಾಗೆ ಕರೆದವನಲ್ಲ.

ಹೊಸನಗರದಿಂದ ನಗರವೆಂಬ ಊರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ತಗಡಿನ ಮಾಡಿನ ಕೆಳಗೆ ಅವರ ಗ್ಯಾರೇಜು. ಎಲ್ಲರಿಗೂ ಅವರು ಮೇಸ್ತ್ರಿ. ನಾನು ಸಾಗರದ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು; ಆ ಬಳಿಕ ನಾಲ್ವರು ಋತ್ವಿಜರನ್ನು ಕೂಡಿಕೊಂಡು ಹೋಮ ಹವನಗಳನ್ನು ನಡೆಸಿಕೊಡುತ್ತ ಬಂದೆ. ನಮ್ಮನ್ನೂ ನಮ್ಮ ಪಾತ್ರೆ ಪರಿಕರಗಳನ್ನೂ ಹೊತ್ತು ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ತಿರುಗುತ್ತಿದ್ದುದು ಒಂದು ಹಳೆಯ ಡೀಸೆಲ್ ವ್ಯಾನು. ಅದನ್ನು ನಾನೇ ನಡೆಸುತ್ತಿದ್ದೆ.

ಮೇಸ್ತ್ರಿಗೂ ನನಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಅವರ ನಾಲಗೆಗೆ ಹಿರಿಯರು ಕಿರಿಯರು ಎಂಬ ಭೇದವಿರಲಿಲ್ಲ. ಕೋಣಂದೂರಿನ ವರ್ತಕರೊಬ್ಬರು ಚಕ್ರದ ಕೂಗು ಒಂದು ತಿಂಗಳಿಂದ ಇದೆಯೆಂದಾಗ, "ತಿಂಗ್ಳಿಂದ ಕೇಳ್ತಾ ಕೂತಿದ್ರಾ? ನಿಮ್ಗೆ ಕಿವಿ ಕೊಟ್ಟಿದ್ದು ಬರೀ ಕಡಕು ಹಾಕ್ಕಳಕ್ಕಾ?" ಎಂದು ಹತ್ತು ಜನರೆದುರು ಕೇಳಿದ್ದನ್ನು ನಾನೇ ಕಂಡಿದ್ದೇನೆ. ದಿನಕ್ಕೆ ಹತ್ತು ಬಾರಿ ಹೇಳುತ್ತಿದ್ದ ಮಾತೊಂದಿತ್ತು: "ಗಾಡಿ ಸುಳ್ಳು ಹೇಳಲ್ಲ. ಓನರ್ ಹೇಳ್ತಾನೆ." ಆದರೂ ಜನ ಅಲ್ಲಿಗೇ ಹೋಗುತ್ತಿದ್ದರು. ಸದ್ದು ಎಲ್ಲಿಂದ ಬರುತ್ತದೆಂದು ಹುಡುಕಿ ತೋರಿಸಬಲ್ಲ ಇನ್ನೊಂದು ಕಿವಿ ಮೂರು ತಾಲೂಕಿನಲ್ಲಿರಲಿಲ್ಲ.

ಆರೇಳು ವರ್ಷದ ಹಿಂದಿನ ಮಾತು. ಘಟ್ಟದ ಕೆಳಗಿನ ಒಂದು ಗ್ರಾಮದಲ್ಲಿ ಚಂಡೀಹೋಮ ಒಪ್ಪಿಕೊಂಡಿದ್ದೆ. ಮರುದಿನ ಬೆಳಗಿನ ಏಳೂವರೆಗೆ ಸಂಕಲ್ಪ. ಹತ್ತು ವರ್ಷಗಳಲ್ಲಿ ಒಂದು ಮುಹೂರ್ತವನ್ನೂ ತಪ್ಪಿಸಿದವನಲ್ಲವೆಂಬುದು ನನಗಿದ್ದ ಒಂದೇ ಅಭಿಮಾನ. ಹೊಸನಗರ ದಾಟುವ ಹೊತ್ತಿಗೆ, ನಾಲ್ಕು ದಿನದಿಂದ ಸಣ್ಣಗೆ ಕೇಳುತ್ತಿದ್ದ ಇಂಜಿನ್ನಿನ ಬಡಿತ ಜೋರಾಯಿತು. ಬೇರೆ ದಾರಿಯಿಲ್ಲದೆ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಸಂಜೆ ನಾಲ್ಕು ಗಂಟೆಯಿರಬೇಕು. ಬೆಂಚಿನ ಮೇಲೆ ಐದಾರು ಜನ ಕುಳಿತಿದ್ದರು.

"ಬಂದ್ರಾ ಭಟ್ರೇ? ಎಂತ ಸದ್ದು?"

ಸ್ವರಪಾಠ ಹೇಳಿದ ಬಾಯಿ ನನ್ನದು. ಸಭಾಭವನದ ಕೊನೆಯಲ್ಲಿ ಕುಳಿತವನು ಒಂದು ಅನುದಾತ್ತ ತಪ್ಪಿದರೂ ಹಿಡಿಯುತ್ತಿದ್ದ ಕಿವಿ. ಆದ್ದರಿಂದ ವಿಸ್ತಾರವಾಗಿಯೇ ವಿವರಿಸಿದೆ: ಸದ್ದು ಲೋಹದ್ದು, ಆದರೆ ತೀಕ್ಷ್ಣವಲ್ಲ, ಏರಿನಲ್ಲಿ ಗತಿ ದ್ವಿಗುಣವಾಗುತ್ತದೆ, ಇಳುಕಲಿನಲ್ಲಿ ಮಂದ್ರಕ್ಕೆ ಇಳಿಯುತ್ತದೆ.

"ಪ್ರವಚನ ಬ್ಯಾಡ. ಬಾಯಲ್ಲಿ ಮಾಡಿ ತೋರ್ಸಿ."

ಅದೇ ಅವರ ಪದ್ಧತಿ. ವೈದ್ಯರಾಗಲಿ ವಕೀಲರಾಗಲಿ, ಗಾಡಿಯ ಸದ್ದನ್ನು ಬಾಯಿಂದ ಅನುಕರಿಸಿ ತೋರಿಸದ ಹೊರತು ಬಾನೆಟ್ ಎತ್ತುತ್ತಿರಲಿಲ್ಲ. ನಾನು ಒಪ್ಪಲಿಲ್ಲ.

"ಮಂತ್ರ ಹೇಳುವ ಬಾಯಿ ಇದು. ಇದರಲ್ಲಿ ಇಂಜಿನ್ನಿನ ಸದ್ದು ಮಾಡುವುದಿಲ್ಲ."

"ಹಂಗಾರೆ ಮಂತ್ರ ಹೇಳ್ಕಂಡೇ ಘಾಟಿ ಇಳೀರಿ," ಎಂದು ಬೆನ್ನು ತಿರುಗಿಸಿದರು. ಬೆಂಚಿನವರು ನಕ್ಕರು. ವ್ಯಾನಿನೊಳಗಿದ್ದ ನನ್ನ ಋತ್ವಿಜರಲ್ಲಿ ಕಿರಿಯನೂ ನಕ್ಕದ್ದು ಕನ್ನಡಿಯಲ್ಲಿ ಕಂಡಿತು.

ಅರ್ಧ ಗಂಟೆ ಕಾದೆ. ಕೊನೆಗೆ, ತಲೆ ತಗ್ಗಿಸಿ, "ಟಕ್ಕ, ಟಕ್ಕ, ಟಕ್ಕ" ಎಂದೆ.

"ಗಟ್ಟಿಯಾಗಿ."

ಗಟ್ಟಿಯಾಗಿ ಹೇಳಿದೆ. ಅವರು ನಗಲಿಲ್ಲ. ಬೀಡಿ ಆರಿಸಿ ಎದ್ದು ಬಂದರು. "ಆಯಿಲ್ ಲೈಟ್ ಹತ್ತಿತ್ತಾ? ಮೀಟರ್‌ನಾಗೆ, ಕೆಂಪುದು."

"ಇಲ್ಲ."

"ಖಂಡಿತ?"

"ನಾನು ಸುಳ್ಳು ಹೇಳುವವನಲ್ಲ."

ಇಂಜಿನ್ ಚಾಲೂ ಇರಿಸಿ, ಡೀಸೆಲ್ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸತೊಡಗಿದರು. ಒಂದನ್ನು ಸಡಿಲಿಸಿದರೆ ಆ ಸಿಲಿಂಡರಿಗೆ ಡೀಸೆಲ್ ಸಿಗದೆ ಅದು ಕೆಲಸ ನಿಲ್ಲಿಸುತ್ತದೆ. ಯಾವುದು ನಿಂತಾಗ ಬಡಿತ ಅಡಗುವುದೋ ರೋಗ ಅಲ್ಲಿಯದು. ಮೊದಲನೆಯದಕ್ಕೂ ಎರಡನೆಯದಕ್ಕೂ ಸದ್ದು ಬದಲಾಗಲಿಲ್ಲ. ನಾನು ಏನೋ ಹೇಳಲು ಹೋದೆ. "ಬಾಯಿ ಮುಚ್ಚಿ ಭಟ್ರೇ," ಎಂದರು, ಕಣ್ಣು ತೆರೆಯದೆ. ನನ್ನ ಜೀವಮಾನದಲ್ಲಿ ಹಾಗೆ ಹೇಳಿದ ಮತ್ತೊಬ್ಬರಿಲ್ಲ. ಮೂರನೆಯ ನಟ್ಟು ಸಡಿಲವಾದೊಡನೆ ಬಡಿತ ಕುಗ್ಗಿ, ಬರಿಯ ಇಂಜಿನ್ನಿನ ನಡುಕ ಉಳಿಯಿತು.

"ಮೂರನೇದು. ರಾಡಿನ ಬೇರಿಂಗು ಹೋಗಿದೆ. ಆಯಿಲ್ ಒತ್ತಡ ಇಲ್ದೆ ಬೇರಿಂಗು ಹೋಗಲ್ಲ. ಲೈಟು ಹತ್ತಿರಲೇಬೇಕು."

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ನನ್ನ ಗುರುಗಳು ಅಂತ್ಯಕಾಲದಲ್ಲಿ ಅನುಗ್ರಹಿಸಿದ ಗೇಣುದ್ದಕ್ಕಿಂತ ಚಿಕ್ಕದಾದ ಪಂಚಲೋಹದ ಗಣಪತಿಯನ್ನು ನಾನು ಸ್ಟೇರಿಂಗಿನ ಮುಂದೆ, ಮೀಟರುಗಳಿಗೆ ತಾಗಿದಂತೆ ಅಂಟಿಸಿದ್ದೆ. ಅದಕ್ಕೆ ಕೆಲವು ತಿಂಗಳ ಮುಂಚೆ ಒಂದು ಮುಸ್ಸಂಜೆ, ನಗರದ ಬಳಿಯ ರಸ್ತೆಬದಿಯ ಗುಡಿಯೆದುರು, ಇಂಜಿನ್ ಆರಿಸದೆ ವ್ಯಾನು ನಿಲ್ಲಿಸಿ ಕೈಮುಗಿಯುವಾಗ, ಆ ಗಣಪತಿಯ ಬೆನ್ನ ಹಿಂದೆ ಅರುಣವರ್ಣದ ಪ್ರಭೆಯೊಂದು ಮೂಡಿತು. ಹೊರಟೊಡನೆ ಮರೆಯಾಯಿತು. ಮತ್ತೆ ಮೂರು ನಾಲ್ಕು ಸಂಜೆ, ಅದೇ ಗುಡಿಯ ಮುಂದೆ, ಅದೇ ಪ್ರಭೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸಾಗರದಲ್ಲಿ ಪ್ರವಚನವೊಂದರಲ್ಲಿ ಅದನ್ನು ಗುರುಕೃಪೆಯ ಸಾಕ್ಷಿಯೆಂದು ವರ್ಣಿಸಿದೆ. ಜನ ಬಂದು ವ್ಯಾನಿಗೆ ಹೂವು ಮುಡಿಸಿ ಹೋದರು.

ಮೇಸ್ತ್ರಿ ಚಾಲಕನ ಬಾಗಿಲು ತೆರೆದು ಒಳಗೆ ಬಗ್ಗಿದರು. ಅಷ್ಟರಲ್ಲಿ ಋತ್ವಿಜರು ಇಳಿದು ಚಹಾದಂಗಡಿಯ ಕಡೆ ಹೋಗಿದ್ದರು. ಗಣಪತಿಯನ್ನು ನೋಡಿ ಮೇಸ್ತ್ರಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಇದನ್ನ ಎತ್ತಿ."

"ಗುರುಗಳು ಕೊಟ್ಟದ್ದು. ಮುಟ್ಟಬೇಡ."

"ಅದಕ್ಕೇ ನೀವೇ ಎತ್ತಿ ಅಂದೆ. ನಾನು ಮುಟ್ಟಿದ್ರೆ ಅದಕ್ಕೂ ಒಂದು ಶಾಂತಿ ಆಗ್ಬೇಕು ಅಂತೀರಿ."

ಎತ್ತಿದೆ. ಅಂಟು ಕಿತ್ತ ಜಾಗದ ಹಿಂದೆ, ಎಣ್ಣೆಗಿಂಡಿಯ ಆಕಾರದ ಪುಟ್ಟ ದೀಪವೊಂದು ಕೆಂಪಗೆ ಉರಿಯುತ್ತಿತ್ತು. ಅವರು ಕಾಲಿನಿಂದ ಆಕ್ಸಿಲರೇಟರು ಒತ್ತಿದರು, ಆರಿತು. ಬಿಟ್ಟರು, ಹತ್ತಿತು.

"ಇಂಜಿನ್ ಕಾದು, ಗಾಡಿ ನಿಂತಾಗ ಒತ್ತಡ ಇಳೀತದೆ. ಆಗ ಹತ್ತದೆ. ತಿಂಗ್ಳುಗಟ್ಲೆಯಿಂದ ಹತ್ತಿರ್ತದೆ ಇದು," ಎಂದವರು ನನ್ನ ಮುಖ ನೋಡಿ ನಿಲ್ಲಿಸಿದರು. ಬಳಿಕ, ನಿಧಾನವಾಗಿ, "ಸಾಗರದಾಗೆ ಭಾಷಣ ಮಾಡಿದ್ರಂತಲ್ಲ. ಆ ಬೆಳಕು ಇದೇನಾ?"

ನಾನು ಗಣಪತಿಯನ್ನು ಶಲ್ಯದಲ್ಲಿ ಸುತ್ತಿಕೊಂಡು ನಿಂತಿದ್ದೆ. ಅವರು ನಕ್ಕರು. ಹಲ್ಲು ಕಾಣದ, ಮೂಗಿನಿಂದ ಹೊರಟ ಆ ಸಣ್ಣ ನಗೆಯನ್ನು ನಾನು ಇಂದಿಗೂ ಮರೆತಿಲ್ಲ.

ಆದರೂ ನಾನು ಹೊರಡುತ್ತೇನೆಂದು ಹಟ ಹಿಡಿದೆ. ಸಂಕಲ್ಪ ತಪ್ಪಬಾರದು, ಮೆಲ್ಲಗೆ ನಡೆಸುತ್ತೇನೆ ಎಂದೆ. ಅವರು ಇಂಜಿನ್ ಆರಿಸಿ, ವ್ಯಾನಿನ ಅಡಿಗೆ ನುಗ್ಗಿ ಒಂದು ಬೋಲ್ಟು ಬಿಚ್ಚಿದರು. ಆಯಿಲೆಲ್ಲ ಬಾಣಲೆಗೆ ಸುರಿಯಿತು. ಅಂಗೈಯಲ್ಲಿ ಸ್ವಲ್ಪ ಹಿಡಿದು ಬಿಸಿಲಿಗೆ ತೋರಿಸಿದರು: ಕಪ್ಪು ಎಣ್ಣೆಯಲ್ಲಿ ಲೋಹದ ಹುಡಿ ಮಿನುಗುತ್ತಿತ್ತು.

"ಈಗ ಹೊರಡಿ."

"ನೀನು ಅಧರ್ಮ ಮಾಡಿದೆ."

"ಹುಲಿಕಲ್ ಘಾಟಿ ಎರಡನೇ ತಿರುವಿಗೆ ರಾಡು ಇಂಜಿನ್ ಒಡ್ಕಂಡು ಹೊರಗೆ ಬರ್ತಿತ್ತು. ಇಂಜಿನ್ ನಿಂತ್ರೆ ಬ್ರೇಕು ಕಲ್ಲಾಗ್ತದೆ, ತುಳಿದ್ರೂ ಇಳಿಯಲ್ಲ. ನೀವು ಒಬ್ರೇ ಆಗಿದ್ರೆ ಬಿಡ್ತಿದ್ದೆ. ಜೊತೆಗೆ ನಾಲ್ಕು ಜನ ಇದಾರೆ."

ಮರುದಿನ ಬಸ್ಸಿನ ತಲೆಯ ಮೇಲೆ ಪಾತ್ರೆಗಳನ್ನು ಕಟ್ಟಿಸಿ ಘಟ್ಟ ಇಳಿದೆವು. ತಲುಪುವಾಗ ಒಂಬತ್ತು ದಾಟಿತ್ತು. ಊರಿನ ಪುರೋಹಿತರು ಸಂಕಲ್ಪ ಮುಗಿಸಿ ನನ್ನ ಆಸನದಲ್ಲಿ ಕುಳಿತಿದ್ದರು. ಯಜಮಾನರು ನನಗೆ ಹಾಲು ತಂದುಕೊಟ್ಟರು. ಕೊಟ್ಟು, ಆ ಪುರೋಹಿತರ ಪಕ್ಕಕ್ಕೆ ಹೋಗಿ ಕುಳಿತರು.

ಆ ದಿನದಿಂದ ನಾನು ಮೇಸ್ತ್ರಿಯನ್ನು ಮನಸಾರೆ ದ್ವೇಷಿಸಿದೆ. ಮುಹೂರ್ತ ತಪ್ಪಿದ್ದು ಹೊರಗಿನ ಕಾರಣ. ಒಳಗಿನದು, ಅವರಿಗೆ ಗೊತ್ತು ಎಂಬುದು. ಮೂರು ತಾಲೂಕಿನ ಜನ ಬಂದು ಕೂರುವ ಆ ಬೆಂಚಿನ ಮೇಲೆ ನಾಳೆ ಹೇಳುತ್ತಾರೆ, ನಾಡಿದ್ದು ಹೇಳುತ್ತಾರೆ, ಆಯಿಲ್ ಲೈಟಿಗೆ ಕೈಮುಗಿದ ಪಂಡಿತನೆಂದು ಮಕ್ಕಳೂ ನಗುತ್ತವೆ ಎಂದು ಕಾಯುತ್ತ ಕಾಯುತ್ತ ನನ್ನ ನಿದ್ದೆ ಕೆಟ್ಟಿತು. ಅವರು ಹೇಳುವ ಮೊದಲೇ ಅವರ ಮಾತಿಗೆ ಬೆಲೆಯಿಲ್ಲದಂತೆ ಮಾಡಬೇಕೆಂದು ನಾನೇ ಆರಂಭಿಸಿದೆ. ಒಳ್ಳೆಯ ಇಂಜಿನ್ ಬಿಚ್ಚಿ ಕೆಡಿಸಿದನೆಂದೆ, ಕರ್ಮಕ್ಕೆ ವಿಘ್ನ ಮಾಡಿದನೆಂದೆ. ಹೋದ ಮನೆಗಳಲ್ಲೆಲ್ಲ ಹೇಳಿದೆ. ಅವರಿಗೆ ಬರುತ್ತಿದ್ದ ಕೆಲವು ಗಾಡಿಗಳು ನಿಂತದ್ದೂ ನನಗೆ ಗೊತ್ತು. ಗೊತ್ತಾಗಿ ಸಂತೋಷಪಟ್ಟದ್ದೂ ಇದೆ.

ಎರಡು ವರ್ಷದ ಬಳಿಕ ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ಎದುರಾದರು. ತೀರ ಬಡವಾಗಿದ್ದರು. ನಾನು ಮುಖ ತಿರುಗಿಸಿದೆ. ಅವರೇ ಹತ್ತಿರ ಬಂದರು.

"ಭಟ್ರೇ, ನಿಮ್ಮ ಬಾಯಿ ಬಾಳ ಉದ್ದ ಆಯ್ತು."

"ನೀನೂ ಹೇಳಬಹುದಲ್ಲ. ಹೇಳಲಿಕ್ಕೆ ನಿನ್ನ ಹತ್ತಿರವೂ ಇದೆಯಲ್ಲ."

"ಇದೆ." ಎಲೆಯಡಿಕೆಯನ್ನು ಪಕ್ಕಕ್ಕೆ ಉಗುಳಿದರು. "ನಿಮ್ಮನ್ನ ಉಳ್ಸಕ್ಕೆ ಸುಮ್ನಿದೀನಿ ಅನ್ಕಬ್ಯಾಡಿ. ನೀವು ಎಲ್ಲಾದ್ರೂ ಬಿದ್ದು ಹೋಗಿ. ಗಣಪತಿ ಎಂತ ಮಾಡಿದ್ದ ನಿಮ್ಗೆ? ಹೇಳಿದ್ರೆ ಜನ ನಗೋದು ಅವನ್ನ ನೋಡಿ."

ಕ್ಷಮೆ ಕೇಳಲು ಅದೇ ಸಮಯವಾಗಿತ್ತು. ನಾನು ಬಸ್ಸು ಹತ್ತಿದೆ.

ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಹೋಗಬಾರದೆಂದು ಮೂರು ದಿನ ಕುಳಿತು, ನಾಲ್ಕನೆಯ ದಿನ ಹೋದೆ. ಗ್ಯಾರೇಜಿನ ಹಿಂದೆಯೇ ಮನೆ. ಅದೇ ಬೆಂಚನ್ನು ಅಂಗಳಕ್ಕೆ ತಂದು ಹಾಕಿದ್ದರು. ನಾಲ್ಕೈದು ಜನ ಕುಳಿತಿದ್ದರು. ಅವರ ಹೆಂಡತಿ ನನ್ನನ್ನು ಕೂರಿ ಎನ್ನಲಿಲ್ಲ. ಬಾಗಿಲಿಗೆ ಒರಗಿ ನಿಂತೇ ಕೇಳಿದರು.

"ನೀವು ಊರೆಲ್ಲ ಅಷ್ಟು ಹೇಳ್ಕಂಡು ಬಂದ್ರಿ. ನಿಮ್ಮ ಗಾಡಿಗೆ ಅಂಥದ್ದು ಎಂತ ಆಗಿತ್ತು ಭಟ್ರೇ? ಇವ್ರನ್ನ ಎಷ್ಟು ಸಲ ಕೇಳಿದೀನಿ. 'ಬೇರಿಂಗು' ಅಂತಿದ್ರು. ಬೇರೆ ಒಂದು ಮಾತಿಲ್ಲ."

ಹೆಂಡತಿಗೂ ಹೇಳಿರಲಿಲ್ಲ.

ನಿಂತುಕೊಂಡೇ ಹೇಳಿದೆ, ಗುಡಿಯ ಮುಂದಿನ ಪ್ರಭೆಯಿಂದ ಅಂಗೈಯ ಎಣ್ಣೆಯವರೆಗೆ, ಬೆಂಚಿನ ಮೇಲಿದ್ದವರಿಗೆ ಕೇಳುವಷ್ಟು ಗಟ್ಟಿಯಾಗಿ. ಯಾರೂ ನಗಲಿಲ್ಲ. ಆಕೆ, "ಇದನ್ನ ಅವ್ರು ಇದ್ದಾಗ ಹೇಳ್ಬೇಕಿತ್ತು," ಎಂದು ಒಳಗೆ ಹೋದರು. ನ್ಯಾಯವಾದ ಮಾತು. ಸಾಗರದಲ್ಲಿ ಆ ದಿನ ನನ್ನ ಪ್ರವಚನ ಕೇಳಿದವರಿಗೆ ತಿಳಿಸುವುದು ಉಳಿದಿತ್ತು. ಅದಕ್ಕಾಗಿ ಈ ಬರಹ.

ಗಣಪತಿ ಈಗ ದೇವರ ಮನೆಯಲ್ಲಿದ್ದಾನೆ. ಮೇಸ್ತ್ರಿ ಹೊಸ ಬೇರಿಂಗು ಕೂರಿಸಿದ ಆ ಇಂಜಿನ್ನು ಇಂದಿಗೂ ಓಡುತ್ತಿದೆ. ಸ್ಟೇರಿಂಗಿನ ಮುಂದೆ ಅಂಟಿನ ಕಲೆ ಮಾತ್ರ ಉಳಿದಿದೆ. ಕೀಲಿ ತಿರುಗಿಸಿದಾಗ ಆ ಕಲೆಯ ಹಿಂದೆ ಕೆಂಪು ದೀಪ ಹತ್ತುತ್ತದೆ. ಇಂಜಿನ್ ಹೊರಟು ಒತ್ತಡ ಏರಿದ ಮೇಲೆ ಆರುತ್ತದೆ. ಅದು ಆರುವ ತನಕ ನಾನು ಬಾಯಿ ಮುಚ್ಚಿ ಆಲಿಸುತ್ತೇನೆ. ಪ್ರಯಾಣದ ಮಂತ್ರ ಹೇಳುವುದು ಆಮೇಲೆ.